ಉಂಡವರಷ್ಟೇ ಆಡಬೇಕು

ಇವತ್ತಿಗೆ ನಮ್ಮಜ್ಜ ತೀರಿಕೊಂಡು 18 ವರ್ಷ. ಪ್ರತಿ ವರ್ಷ ಬರೀಬೇಕು ಅಂದ್ಕೋತೀನಿ, ಆಗಲ್ಲ. ಈ ಸಲ ಬರೀತಿದೀನಿ.

ಅಜ್ಜ ಮಿಲಿಟರಿಯಲ್ಲಿದ್ದವನು. ಮೊದಲ ಮಹಾಯುದ್ಧಕ್ಕೆ ಬೇಕಾದಾಗ ನಮ್ಮವರನ್ನು ಕರೆದು, ಮುಗಿದ ಮೇಲೆ ಮನೆಗೆ ಕಳಿಸಿದ್ದರು ಬ್ರಿಟಿಷರು. ಮತ್ತೆ ಆ ಬಾಗಿಲು ತೆಗೆಸೋಕೆ ಬಾಬಾಸಾಹೇಬರು ಪಟ್ಟು ಹಿಡಿದರು. 1941ರಲ್ಲಿ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಶುರುವಾಯ್ತು. ಅದಾಗಿ ಎರಡು ವರ್ಷಕ್ಕೆ ಅಜ್ಜ ಭರ್ತಿಯಾದ. ಯುದ್ಧದ ಕಥೆ ಅವನು ಹೇಳಿದ್ದು ಕಡಿಮೆ. ಹೇಳಿದ್ದೆಲ್ಲ ಆಟದ್ದು. ಪಲ್ಟನ್ನಿನ ಹಾಕಿ, ಹಗ್ಗ ಜಗ್ಗಾಟ, ಕುಸ್ತಿ. ಕುಸ್ತಿಯಲ್ಲಿ ಅವನಿಗೊಂದು ಮೆಡಲ್ಲೂ ಬಂದಿತ್ತು.

ರಿಟೈರಾಗಿ ಊರಿಗೆ ಬಂದ ವರ್ಷ ಜಾತ್ರೆಯ ಕುಸ್ತಿಗೆ ಹೆಸರು ಕೊಡೋಕೆ ಹೋದ. "ನಿಮ್ಮವರು ಹಲಗಿ ಬಾರಸ್ತಾರಲ್ಲ, ಸಾಕು" ಅಂದರಂತೆ. ಹಲಗಿ ನಮ್ಮದು, ಕಣ ಅವರದು. ಅವತ್ತಿನಿಂದ ನಮ್ಮ ಮನೆಯವರು ಕುಸ್ತಿಗೆ ಹಲಗಿ ಮುಟ್ಟಲಿಲ್ಲ. ಆದರೆ ಅಜ್ಜ ಪ್ರತಿ ವರ್ಷ ಹೋಗಿ ದೂರ ನಿಂತು ಕುಸ್ತಿ ನೋಡಿಯೇ ಬರ್ತಿದ್ದ. ಕಾಲೇಜಿನಲ್ಲಿ ಸಂಘಟನೆ ಸೇರಿದ ಹೊಸದರಲ್ಲಿ ನನಗೆ ಅದು ಸಿಟ್ಟು ತರಿಸ್ತಿತ್ತು. "ನಾಚಿಕಿ ಆಗೂದಿಲ್ಲೇನ ಅಜ್ಜ, ಅಲ್ಲಿಗೆ ಹೋಗಾಕ?" ಅಂತ ಕೇಳೇಬಿಟ್ಟೆ.

"ಕಣ ಅವರದ ಇರಬೌದು. ಆಟ ಅವರಪ್ಪಂದಲ್ಲ ತಮ್ಮಾ" ಅಂದ.

1991, ಬಾಬಾಸಾಹೇಬರ ನೂರನೇ ಜಯಂತಿ. ಅಜ್ಜ ತನ್ನ ಪಿಂಚಣಿ ದುಡ್ಡಿನಲ್ಲಿ ಕೇರಿ ಮುಂದಿನ ಬಯಲು ಹಸನು ಮಾಡಿಸಿ, ಬೂದಿಯಲ್ಲಿ ಗೆರೆ ಹಾಕಿ ಕಬಡ್ಡಿ ಇಡಿಸಿದ. ಯಾರು ಬೇಕಾದರೂ ಬರಬಹುದು, ಫೀ ಇಲ್ಲ. ಒಂದೇ ಷರತ್ತು: ಆಟಕ್ಕೆ ಮೊದಲು ಕೇರಿಯಲ್ಲಿ ಎಲ್ಲ ಟೀಮು ಒಟ್ಟಿಗೆ ಕೂತು ಊಟ ಮಾಡಬೇಕು. ಉಂಡವರಷ್ಟೇ ಆಡಬೇಕು.

"ಕಬಡ್ಡಿ ಅಂದ್ರ ಮುಟ್ಟೂ ಆಟ. ಅಲ್ಲಿ ಮೈ ಹಿಡದು ಕೆಡವತಾರ, ಇಲ್ಲಿ ತಾಟ ಮುಟ್ಟಾಕ ಏನ ಅಡ್ಡಿ?" ಅಂತಿದ್ದ.

ಮೊದಲ ವರ್ಷ ಊರಿನ ಒಂದು ಟೀಮೂ ಬರಲಿಲ್ಲ. ಮಾಡಿಟ್ಟ ಹುಗ್ಗಿಯನ್ನು ನಾವೇ ಎರಡು ದಿನ ತಿಂದೆವು. ಮೂರನೇ ವರ್ಷ ಊರಿನ ಏಳು ಹುಡುಗರು ಬಂದು, ತಲೆ ತಗ್ಗಿಸಿ ಕೂತು ಉಂಡರು. ಅಜ್ಜ ಅವರಿಗೆ ತಾನೇ ಬಡಿಸಿದ. ಅವರು ಸೋತರು. ಮನೆಯಲ್ಲಿ ಬೈಸಿಕೊಂಡರು ಅಂತಾನೂ ಕೇಳಿದ್ವಿ. ಮರುವರ್ಷ ಅವರಲ್ಲಿ ನಾಲ್ಕೇ ಜನ ಬಂದರು. ಬಂದರು ಅನ್ನೋದೇ ಅಜ್ಜನಿಗೆ ದೊಡ್ಡದು.

ಅಜ್ಜ ಹೋದ ಎಷ್ಟೋ ವರ್ಷದ ಮೇಲೆ ನಾನು ಪಾಲ್ವಂಕರ್ ಬಾಲೂ ಬಗ್ಗೆ ಓದಿದೆ. ಹುಟ್ಟಿದ್ದು ನಮ್ಮ ಪಕ್ಕದ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದವರು. ಅಂಥವರ ಕೈಯಿಂದ ಚೆಂಡು ಇಸಕೊಳ್ತಿದ್ದ ಪುಣೆಯ ಹಿಂದೂ ಟೀಮಿನವರು ಚಹಾದ ಹೊತ್ತಿಗೆ ಅವರನ್ನು ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡ್ತಿದ್ರು. ವಿಕೆಟ್ ಬೇಕು, ಜೊತೆಗೆ ಕೂತು ಕುಡಿಯೋದು ಬೇಡ. ಬಾಂಬೆ ಕ್ವಾಡ್ರಾಂಗ್ಯುಲರ್‌ನ ಹಿಂದೂ ಟೀಮಿಗೂ ಅವರನ್ನು ಕ್ಯಾಪ್ಟನ್ ಮಾಡಲೇ ಇಲ್ಲ. ತಮ್ಮ ವಿಠ್ಠಲರಿಗೆ ಅದು ಸಿಗಬೇಕಾದರೆ 1923 ಆಯ್ತು.

ದಿನಾ ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ಕಾಮೆಂಟ್ರಿ ಕೇಳ್ತಿದ್ದ ಅಜ್ಜನಿಗೆ ಈ ಹೆಸರು ಒಮ್ಮೆಯೂ ಯಾರೂ ಹೇಳಿರಲಿಲ್ಲ. ನನಗೂ ಶಾಲೆಯಲ್ಲಿ ಹೇಳಲಿಲ್ಲ. ಅದೊಂದು ಸಂಕಟ ಉಳಿದಿದೆ. ಆದರೆ ಬಾಲೂ ಕಥೆ ಗೊತ್ತಿಲ್ಲದೆಯೂ ಅಜ್ಜ ಮೊದಲು ಕೈ ಇಟ್ಟಿದ್ದು ಆ ಕುಡಿಕೆಯ ಮೇಲೇನೇ.

ಈ ಏಪ್ರಿಲ್ 14ಕ್ಕೂ ಕಬಡ್ಡಿ ಆಯ್ತು. ಒಂದು ಟೀಮಿನ ಹುಡುಗರು "ಅಣ್ಣಾ, ಊಟ ಪಾರ್ಸೆಲ್ ಕೊಡ್ರಿ, ಆಮ್ಯಾಲೆ ತಿಂತೀವಿ" ಅಂದರು.

ಪಾರ್ಸೆಲ್ ಇಲ್ಲ ಅಂದ್ವಿ.

ಜೈ ಭೀಮ್.