ನೀರು ನೋಡಿದ್ಯಾ?

ಪ್ರತಿ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳೋದು ಮೂರೇ ಪ್ರಶ್ನೆ. ಊಟ ಆಯ್ತಾ? ಅಲ್ಲಿ ಚಳಿನಾ, ಸೆಕೆನಾ? ಗಾಡಿಗೆ ನೀರು ನೋಡಿದ್ಯಾ? ಮೂರಕ್ಕೂ ಉತ್ತರ ಸಿಕ್ಕ ಮೇಲೆ "ಅಮ್ಮಂಗೆ ಕೊಡ್ತೀನಿ ತಡಿ" ಅಂತ ಫೋನ್ ದಾಟಿಸಿಬಿಡ್ತಾರೆ.

ಮೂರನೇ ಪ್ರಶ್ನೆಗೆ ನಾನು ಯೋಚನೆ ಕೂಡ ಮಾಡದೆ "ಹ್ಞೂಂ, ನೋಡಿದೀನಿ" ಅಂತಿದ್ದೆ. ಬಾನೆಟ್ ತೆಗೆಯೋ ಲಿವರ್ ಎಲ್ಲಿದೆ ಅಂತಲೇ ನನಗೆ ಗೊತ್ತಿರ್ಲಿಲ್ಲ ಅನ್ನೋದು ಬೇರೆ ಮಾತು. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರ ಲಾರಿಗಳಿಗೆ ಬೆಳಗ್ಗೆ ಎದ್ದು ಎತ್ತಿಗೆ ನೀರು ಕುಡಿಸಿದ ಹಾಗೆ ರೇಡಿಯೇಟರಿಗೆ ನೀರು ಕುಡಿಸ್ಬೇಕಿತ್ತು. ಈಗಿನ ಕಾರುಗಳಿಗೆ ಅದೆಲ್ಲಾ ಎಲ್ಲಿ ಬೇಕು ಅಂತ ನನ್ನ ಲೆಕ್ಕ. ಒಂದ್ಸಲ ರೇಗಿಹೋಗಿ, "ಅಪ್ಪಾ, ಇಲ್ಲಿ ಗಾಡಿಗೆ ನೀರು ಹಾಕಲ್ಲ, ಕೂಲಂಟ್ ಹಾಕ್ತಾರೆ" ಅಂತ ದೊಡ್ಡ ಬುದ್ಧಿವಂತನ ಹಾಗೆ ಹೇಳಿದ್ದೆ. ಅಪ್ಪ ಸ್ವಲ್ಪವೂ ಅಲುಗಾಡದೆ, "ಅದೇ ಕಣೋ, ಆ ನೀರೇ. ನೋಡಿದ್ಯಾ?" ಅಂದ್ರು.

ಇರ್ಲಿ, ವಿಷಯಕ್ಕೆ ಬರ್ತೀನಿ. 2024ರ ಸೆಪ್ಟೆಂಬರಿನ ಒಂದು ಮಂಗಳವಾರ. ನಾನಿರೋದು ಕ್ಯಾಲಿಫೋರ್ನಿಯಾದ ಡಬ್ಲಿನ್ ಅನ್ನೋ ಊರಲ್ಲಿ. (ಐರ್ಲೆಂಡಿನ ಡಬ್ಲಿನ್ ಅಲ್ಲ. ನಮ್ಮ ದೊಡ್ಡಮ್ಮ ಮಾತ್ರ ಇವತ್ತಿಗೂ ನಾನು ಲಂಡನ್ ಪಕ್ಕದಲ್ಲೆಲ್ಲೋ ಇದ್ದೀನಿ ಅಂತ ಊರಿಗೆಲ್ಲಾ ಹೇಳ್ಕೊಂಡು ಬರ್ತಿದ್ದಾರೆ.) ಆಫೀಸ್ ಸ್ಯಾನ್ ಹೊಸೆ ಊರಿನ ಉತ್ತರಕ್ಕೆ. ಮಧ್ಯೆ ಮೂವತ್ತು ಮೈಲಿ ಹತ್ತಿರ ಇದೆ, 680ನೇ ಹೆದ್ದಾರಿ. ದಾರೀಲಿ ಸುನೋಲ್ ಅನ್ನೋ ಪುಟ್ಟ ಊರು ದಾಟಿದ ಮೇಲೆ ಒಂದು ಏರು ಬರುತ್ತೆ, ಸುನೋಲ್ ಗ್ರೇಡ್ ಅಂತ. ಶಿರಾಡಿ ಘಾಟಿ ನೋಡಿದವರಿಗೆ ಇದನ್ನ ಘಾಟಿ ಅನ್ನೋಕೆ ನಾಚಿಕೆ ಆಗುತ್ತೆ. ಎರಡೂ ಕಡೆ ಬೇಸಿಗೇಲಿ ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲಿನ ಗುಡ್ಡ, ಅಗಲವಾದ ರಸ್ತೆ, ಅಷ್ಟೇ. ಆದ್ರೆ ಬೆಳಗಿನ ಹೊತ್ತು ಆ ಅಗಲ ರಸ್ತೆ ತುಂಬಾ ಸಿಲಿಕಾನ್ ವ್ಯಾಲಿಗೆ ಹೊರಟ ಕಾರುಗಳು, ಸಂತೆ ಮುಗಿಸಿ ಹೊರಟ ದನಗಳ ಹಾಗೆ, ಒಂದರ ಬಾಲಕ್ಕೆ ಒಂದು ಮೂತಿ ತಾಗಿಸ್ಕೊಂಡು.

ನನ್ನ ಕಾರು 2010ರ ಮಾಡೆಲ್. ಇಂಡಿಯಾಕ್ಕೆ ವಾಪಸ್ ಹೋಗ್ತಿದ್ದ ಒಬ್ಬರಿಂದ ಕೊಂಡಿದ್ದು. ಯಾವ ಕಂಪನಿದು ಅಂತ ಹೇಳಲ್ಲ, ಯಾಕಂದ್ರೆ ತಪ್ಪು ಕಾರಿಂದಲ್ಲ, ನಂದೇ. ಎರಡು ವಾರದಿಂದ ಅದು ಪಾಪ ತನಗೆ ಗೊತ್ತಿದ್ದ ಎಲ್ಲಾ ಭಾಷೇಲೂ ಹೇಳ್ತಾ ಇತ್ತು. ನಿಲ್ಲಿಸಿದ ಜಾಗದಲ್ಲಿ ಹಸಿರು ನೀರಿನ ಕಲೆ ಬೀಳ್ತಿತ್ತು. ಪಕ್ಕದ ಮನೆಯವರ ಕಾರಿಂದಿರ್ಬೇಕು ಅಂದ್ಕೊಂಡೆ. ಸಿಗ್ನಲ್ಲಲ್ಲಿ ನಿಂತಾಗ ಬೆಲ್ಲದ ಪಾಕ ಕಾಯಿಸಿದ ಹಾಗೆ ಒಂಥರಾ ಸಿಹಿ ವಾಸನೆ ಬರ್ತಿತ್ತು. ಕೂಲಂಟಿನಲ್ಲಿರೋ ಎಥಿಲೀನ್ ಗ್ಲೈಕಾಲ್ ಆವಿಯಾದ್ರೆ ಹಾಗೆ ಸಿಹಿ ವಾಸನೆ ಬರುತ್ತೆ ಅಂತ ಗೊತ್ತಾಗಿದ್ದು ಆಮೇಲೆ. ಒಂದೆರಡು ಸಲ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೆ ಹೋಗಿ ಮತ್ತೆ ಕೆಳಗೆ ಬಂದಿತ್ತು. ಅದನ್ನ ನೋಡಿದ್ದೆ. ನೋಡಿಲ್ಲ ಅಂದ್ರೆ ಸುಳ್ಳಾಗುತ್ತೆ.

ಹಾಗಾದ್ರೆ ಗ್ಯಾರೇಜಿಗೆ ಯಾಕೆ ಬಿಡ್ಲಿಲ್ಲ? ಬಿಟ್ರೆ ಅರ್ಧ ದಿನ ರಜ. ಆಗಸ್ಟಲ್ಲಷ್ಟೇ ನಮ್ಮ ಆಫೀಸಲ್ಲಿ ಒಂದಷ್ಟು ಜನರನ್ನ ಮನೆಗೆ ಕಳಿಸಿದ್ರು. ನನ್ನ ಎದುರಿನ ಮೇಜು ಖಾಲಿ, ಅದರ ಮೇಲೆ ಒಂದು ಕಾಫಿ ಮಗ್ ಮಾತ್ರ ಹಾಗೇ ಉಳಿದಿತ್ತು. ಎಚ್-1ಬಿ ವೀಸಾದಲ್ಲಿರೋರಿಗೆ ಕೆಲಸ ಹೋದ್ರೆ ಇರೋದು ಹೆಚ್ಚಂದ್ರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಹುಡುಕ್ಕೋ, ಇಲ್ಲಾ ಬೇರೆ ವೀಸಾಗೆ ಅರ್ಜಿ ಹಾಕು, ಇಲ್ಲಾ ಗಂಟುಮೂಟೆ ಕಟ್ಟು. ಅಂಥ ಹೊತ್ತಲ್ಲಿ "ಕಾರು ರಿಪೇರಿ ಇದೆ, ಮಧ್ಯಾಹ್ನ ಬರ್ತೀನಿ" ಅಂತ ಮೆಸೇಜ್ ಕಳಿಸೋಕೆ ಬೆರಳು ಬರಲ್ಲ ಸ್ವಾಮಿ. ಇನ್ನೊಂದು ವಾರ, ಈ ಡೆಮೊ ಒಂದು ಮುಗೀಲಿ ಅಂತ ಮುಂದೂಡ್ತಾ ಬಂದೆ. ಡೆಮೊ ಇದ್ದದ್ದು ಅದೇ ಮಂಗಳವಾರ, ಹತ್ತು ಗಂಟೆಗೆ, ಹೊಸದಾಗಿ ಬಂದ ಡೈರೆಕ್ಟರ್ ಮುಂದೆ.

ಸುನೋಲ್ ದಾಟಿ ಏರು ಶುರುವಾಗೋ ಹೊತ್ತಿಗೆ ಮುಳ್ಳು ಅರ್ಧ ದಾಟಿತ್ತು. ಇಂಜಿನ್ ಬಿಸಿಯಾದ್ರೆ ಎಸಿ ಆಫ್ ಮಾಡಿ ಹೀಟರ್ ಫುಲ್ ಹಾಕ್ಬೇಕು ಅಂತ ಎಲ್ಲೋ ಓದಿದ್ದೆ. ಹೀಟರ್ ಅಂದ್ರೆ ಇನ್ನೊಂದು ಪುಟ್ಟ ರೇಡಿಯೇಟರ್ ಇದ್ದ ಹಾಗೆ, ಇಂಜಿನ್ನಿನ ಬಿಸಿಯನ್ನೇ ಕಾರಿನ ಒಳಗೆ ಊದುತ್ತೆ. ಹಾಕಿದೆ. ಇಸ್ತ್ರಿ ಮಾಡಿದ ಅಂಗಿ ಎರಡೇ ನಿಮಿಷಕ್ಕೆ ಬೆನ್ನಿಗೆ ಅಂಟ್ಕೊಳ್ತು. ಪಕ್ಕದ ಕಾರಿನವಳು ಬೆವರು ಸುರಿಸ್ತಿದ್ದ ನನ್ನ ಮುಖ ನೋಡಿ ಕಿಟಕಿ ಏರಿಸ್ಕೊಂಡ್ಳು. ಆದ್ರೆ ಮುಳ್ಳು ನಿಜವಾಗ್ಲೂ ಸ್ವಲ್ಪ ಇಳೀತು! ನನಗೋ ಯುದ್ಧ ಗೆದ್ದ ಖುಷಿ. ಇನ್ನೊಂದು ಸ್ವಲ್ಪ ದೂರ ಹೋಗೋಷ್ಟರಲ್ಲಿ ಹೀಟರಿನಿಂದ ತಣ್ಣನೆ ಗಾಳಿ ಬರೋಕೆ ಶುರುವಾಯ್ತು. ಅಬ್ಬಾ, ಇಂಜಿನ್ ತಣ್ಣಗಾಯ್ತು ಅಂತ ಹಾಯಾಗಿ ಉಸಿರು ಬಿಟ್ಟೆ. ಆಮೇಲೆ ನೋಡಿದ್ರೆ ಮುಳ್ಳು ಕೆಂಪು ಗೆರೆ ಮುಟ್ಟಿ ಕೂತಿತ್ತು, ಬಾನೆಟ್ಟಿನ ಸಂದಿಯಿಂದ ಬಿಳೀ ಹೊಗೆ.

ಶೆರಿಡನ್ ರೋಡ್ ಎಕ್ಸಿಟ್ ದಾಟಿ ಆಗಿತ್ತು. ಇಂಡಿಕೇಟರ್ ಹಾಕ್ಕೊಂಡು, ಹಾರ್ನ್ ಹೊಡೆಸ್ಕೊಂಡು, ಹೇಗೋ ಬಲಗಡೆ ಅಂಚಿಗೆ ತಂದು ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಬಲಗಡೆ ಬಾಗಿಲಿಂದಲೇ ತೂರ್ಕೊಂಡು ಹೊರಗೆ ಬಂದೆ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಮೊದಲ ವರ್ಷ ಎಲ್ಲರಿಗೂ ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಂತ ಒಂದು ಪೇಪರ್ ಇರ್ತಿತ್ತು. ಫೋರ್ ಸ್ಟ್ರೋಕ್ ಇಂಜಿನ್ನಿನ ಚಿತ್ರ ನೀಟಾಗಿ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ನಿಜವಾದ ಇಂಜಿನ್ ಮುಂದೆ ನಿಂತಾಗ ಆ ಚಿತ್ರ ಯಾವ ಕೆಲಸಕ್ಕೂ ಬರ್ಲಿಲ್ಲ :) ಬಾನೆಟ್ ಲಿವರ್ ಹುಡುಕೋಕೆ ಐದು ನಿಮಿಷ. ಟೈಮ್ 8:20. ಫೋನಲ್ಲಿ ಮ್ಯಾನೇಜರ್ ಮೆಸೇಜ್: "ಸ್ವಲ್ಪ ಬೇಗ ಬರ್ತೀಯಲ್ಲಾ? ಒಂದ್ಸಲ ಓಡಿಸಿ ನೋಡ್ಬಿಡೋಣ." ಹಿಂದಿನ ಸೀಟಲ್ಲಿ ಎರಡು ಬಾಟಲ್ ಕುಡಿಯೋ ನೀರಿತ್ತು. ಕ್ಯಾಪ್ ತೆಗೆದು ನೀರು ಸುರಿದ್ರೆ ಏರು ಹತ್ತಿಬಿಡಬಹುದು, ಆ ಕಡೆ ಫ್ರೀಮಾಂಟ್ ತನಕ ಬರೀ ಇಳಿಜಾರು, ಹತ್ತಕ್ಕೆ ಹೇಗೋ ತಲುಪ್ತೀನಿ. ಜಿಮ್ ಬ್ಯಾಗಿಂದ ಟವೆಲ್ ತಂದು, ನಾಲ್ಕು ಮಡಿಕೆ ಮಾಡಿ ರೇಡಿಯೇಟರ್ ಕ್ಯಾಪ್ ಮೇಲೆ ಇಟ್ಟು, ಅದರ ಮೇಲೆ ಕೈ ಇಟ್ಟೆ.

ಅಪ್ಪನ ಬಲಗೈ ನೆನಪಾಗಿದ್ದು ಆಗ.

ಅಪ್ಪನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈ ತನಕ ಕೂದಲಿಲ್ಲ. ಕೆಂಡಕ್ಕೆ ಹಿಡಿದು ಬಾಡಿಸಿದ ಬಾಳೆಎಲೆ ಹಾಗೆ ಚರ್ಮ ನುಣ್ಣಗೆ ಹೊಳೆಯುತ್ತೆ. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಾಡಿಸ್ಕೊಂಡೇ ನಿದ್ದೆ ಮಾಡ್ತಿದ್ದೆ. ಏನಾಯ್ತು ಅಂತ ಕೇಳಿದ್ರೆ "ಗಾಡಿ ಬಿಸಿನೀರು ಹಾರ್ತು" ಅಂತಷ್ಟೇ ಹೇಳ್ತಿದ್ರು. ಕುಕ್ಕರಿನ ಪ್ರೆಷರ್ ಇಳಿಯೋಕೆ ಮುಂಚೆ ಮುಚ್ಚಳ ಕಿತ್ರೆ ಏನಾಗುತ್ತೋ ಇದೂ ಹಾಗೇ. ರೇಡಿಯೇಟರ್ ಒಳಗೆ ಒತ್ತಡ ಇರೋದ್ರಿಂದ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯಲ್ಲ. ಕ್ಯಾಪ್ ತೆಗೆದ ತಕ್ಷಣ ಒತ್ತಡ ಇಳಿದು, ಎಲ್ಲಾ ಒಂದೇ ಸಲ ಕುದ್ದು ಮುಖಕ್ಕೆ ಹಾರುತ್ತೆ. ನನಗೆ ಆಗ ಈ ಫಿಸಿಕ್ಸ್ ಏನೂ ಹೊಳೀಲಿಲ್ಲ. ಹೊಳೆದಿದ್ದು ಆ ಕೈ ಒಂದೇ. ಟವೆಲ್ ಎತ್ಕೊಂಡು ಹಿಂದೆ ಸರಿದೆ. ಮೊಣಕಾಲು ಸಣ್ಣಗೆ ನಡುಗ್ತಿತ್ತು. ಮ್ಯಾನೇಜರಿಗೆ "ಕಾರು ಕೆಟ್ಟಿದೆ, ಲೇಟಾಗುತ್ತೆ" ಅಂತ ಬರೆದು ಕಳಿಸಿದೆ. ಎರಡು ವಾರದಿಂದ ಬರೆಯೋಕಾಗದ ಮೆಸೇಜ್ ಅದು. ಉತ್ತರ ಅರ್ಧ ನಿಮಿಷದಲ್ಲಿ ಬಂತು: "ಸರಿ, ಹುಷಾರು."

ಇಲ್ಲಿ ಇರೋ ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ ಅಂತ ಇದನ್ನ ಹೇಳ್ತಾ ಇದ್ದೀನಿ. ಬೇ ಏರಿಯಾದ ಹೆದ್ದಾರಿಗಳಲ್ಲಿ ಫ್ರೀವೇ ಸರ್ವಿಸ್ ಪಟ್ರೋಲ್ ಅಂತ ಟೋ ಟ್ರಕ್ಕುಗಳು ಆಫೀಸ್ ಓಡಾಟದ ಹೊತ್ತಲ್ಲಿ ಸುತ್ತು ಹಾಕ್ತಾ ಇರ್ತವೆ. 1992ರಿಂದ ಇದೆಯಂತೆ. 511ಕ್ಕೆ ಫೋನ್ ಮಾಡಿ "ಫ್ರೀವೇ ಏಡ್" ಅಂದ್ರೆ ಸಾಕು. ಪಂಕ್ಚರ್ ಆದ್ರೆ ಟೈರ್ ಬದಲಾಯಿಸಿ ಕೊಡ್ತಾರೆ, ಪೆಟ್ರೋಲ್ ಖಾಲಿಯಾಗಿದ್ರೆ ಒಂದು ಗ್ಯಾಲನ್ ಹಾಕ್ತಾರೆ, ಬ್ಯಾಟರಿ ಸತ್ತಿದ್ರೆ ಜಂಪ್ ಕೊಡ್ತಾರೆ, ರೇಡಿಯೇಟರ್ ಒಣಗಿದ್ರೆ ನೀರು ತುಂಬ್ತಾರೆ. ಯಾವುದೂ ಆಗ್ದಿದ್ರೆ ಹೆದ್ದಾರಿಯಿಂದ ಆಚೆ ಒಂದು ಗೊತ್ತಾದ ಜಾಗಕ್ಕೆ ಎಳ್ಕೊಂಡು ಹೋಗಿ ಬಿಡ್ತಾರೆ. ಎಲ್ಲಾ ಪುಕ್ಕಟೆ. ಧರ್ಮಕ್ಕೆ ಅಂತಲ್ಲ, ಒಂದು ಕಾರು ಅಂಚಲ್ಲಿ ನಿಂತ್ರೂ ಹಿಂದಿನ ಮೈಲಿಗಟ್ಟಲೆ ಟ್ರಾಫಿಕ್ ನಿಧಾನ ಆಗುತ್ತಲ್ಲಾ, ಅದನ್ನ ತಪ್ಪಿಸೋಕೆ. ನನಗೆ ಇದು ಗೊತ್ತಿದ್ದದ್ದು ಹಿಂದೊಮ್ಮೆ ರೂಮ್‌ಮೇಟ್ ಪೆಟ್ರೋಲ್ ಖಾಲಿ ಮಾಡ್ಕೊಂಡು ನಿಂತಿದ್ರಿಂದ.

ಇಪ್ಪತ್ತು ನಿಮಿಷಕ್ಕೆ ಟ್ರಕ್ ಬಂತು. ಇಳಿದವನು ಐವತ್ತರ ಆಸುಪಾಸಿನ, ಹೊಟ್ಟೆ ಮುಂದೆ ಬಂದ, ನಗುಮುಖದ ಮನುಷ್ಯ. ಬಗ್ಗಿ ನೋಡಿ, ಮೂಸಿ, ಕೆಳಗೆ ಬಿದ್ದ ಹಸಿರು ನೀರನ್ನ ಬೂಟಿನ ತುದೀಲಿ ಮುಟ್ಟಿ, ನನ್ನ ಕಡೆ ತಿರುಗಿ ಕೇಳಿದ: "ಕೂಲಂಟ್ ಕೊನೇ ಸಲ ಯಾವಾಗ ನೋಡಿದ್ದೆ?"

ಎಂಟು ಸಾವಿರ ಮೈಲಿ ದೂರದಲ್ಲೂ ಅದೇ ಪ್ರಶ್ನೆ! "ಹೋದ ವಾರ" ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಅಪ್ಪನಿಗೆ ಹೇಳಿ ಹೇಳಿ ಅಭ್ಯಾಸ ನೋಡಿ. ಯಾಕೋ ಆಗ್ಲಿಲ್ಲ. "ಯಾವತ್ತೂ ನೋಡಿಲ್ಲ" ಅಂದೆ. ಅವನು ಬೈಲಿಲ್ಲ, ನಗಲೂ ಇಲ್ಲ. ಕ್ಯಾಪ್ ಕಡೆ ಬೆರಳು ತೋರಿಸಿ, "ಅದನ್ನ ತೆಗೀಲಿಲ್ಲವಲ್ಲಾ, ಒಳ್ಳೇದಾಯ್ತು" ಅಂದ. ನೀರು ಹಾಕಿದ್ರೂ ನಿಲ್ಲೋ ಸೋರಿಕೆ ಅಲ್ಲ ಅಂತ ಕಾರನ್ನ ಟ್ರಕ್ಕಿಗೆ ಕಟ್ಟಿ, ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಫ್ರೀಮಾಂಟಿನಲ್ಲಿ ಇಳಿಸಿದ. ಇಪ್ಪತ್ತು ಡಾಲರ್ ಕೊಡೋಕೆ ಹೋದ್ರೆ ಎರಡೂ ಕೈ ಮೇಲೆತ್ತಿ, ಟಿಪ್ಸ್ ತಗೊಳ್ಳೋ ಹಾಗಿಲ್ಲ ಅಂದ.

ಅಲ್ಲಿಂದ ಇನ್ಶೂರೆನ್ಸಿನವರ ಇನ್ನೊಂದು ಟ್ರಕ್, ಗ್ಯಾರೇಜ್, ಟ್ಯಾಕ್ಸಿ. ಆ ಸುತ್ತಾಟ ಬರೆಯೋಕೂ ಬೇಜಾರು. ವಾಟರ್ ಪಂಪ್ ಸೀಲ್ ಹೋಗಿತ್ತು. ಇನ್ನೆರಡು ಮೈಲಿ ಓಡಿಸಿದ್ರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ ಕಾರನ್ನ ಗುಜರಿಗೆ ಹಾಕ್ಬೇಕಿತ್ತು ಅಂದ್ರು. 740 ಡಾಲರ್ ಆಯ್ತು.

ಆಫೀಸ್ ಸೇರಿದಾಗ ಹತ್ತೂ ಮುಕ್ಕಾಲು. ಡೆಮೊ ಮುಗಿದಿರುತ್ತೆ ಅಂತ ಮುಖ ಇಳಿಸ್ಕೊಂಡು ಹೋದ್ರೆ, ಇನ್ನೂ ಶುರುವೇ ಆಗಿಲ್ಲ! ಡೈರೆಕ್ಟರ್ ಸಾಹೇಬ್ರೇ ಆಗ ತಾನೇ ಬಂದು ಕೂತು ಬೆವರು ಒರೆಸ್ಕೊಳ್ತಿದ್ರು. "680 ಇವತ್ತು ಘೋರ. ಏರಲ್ಲಿ ಯಾವನೋ ಹೊಗೆ ಎಬ್ಬಿಸ್ಕೊಂಡು ನಿಂತಿದ್ದ, ಎಲ್ರೂ ನಿಧಾನ ಮಾಡಿ ನೋಡ್ಕೊಂಡು ಹೋಗೋರೇ" ಅಂದ್ರು. ನಾನು ಭಾಳ ಗಂಭೀರವಾಗಿ ತಲೆ ಆಡಿಸಿದೆ. ಮ್ಯಾನೇಜರ್ ಮಾತ್ರ ಲ್ಯಾಪ್‌ಟಾಪ್ ಹಿಂದೆ ಮುಖ ಮುಚ್ಕೊಂಡಿದ್ದ. ಅಷ್ಟೆಲ್ಲಾ ಒದ್ದಾಡಿ ತೋರಿಸಿದ ಆ ಫೀಚರನ್ನ ಮುಂದಿನ ತಿಂಗಳೇ ಕೈಬಿಟ್ರು ಅನ್ನೋದು ಬೇರೆ ಕಥೆ.

ಭಾನುವಾರದ ತನಕ ಕಾಯೋಕಾಗ್ಲಿಲ್ಲ. ಅವತ್ತು ರಾತ್ರಿ ಒಂಬತ್ತಕ್ಕೇ ಫೋನ್ ಮಾಡಿದೆ. ಊರಲ್ಲಿ ಬುಧವಾರ ಬೆಳಗ್ಗೆ ಒಂಬತ್ತೂವರೆ, ಅಪ್ಪ ತಿಂಡಿ ಮುಗಿಸಿ ಜಗಲಿ ಮೇಲೆ ಪೇಪರ್ ಹಿಡಿದು ಕೂತಿರೋ ಹೊತ್ತು. ವಾರದ ಮಧ್ಯೆ ಫೋನ್ ಬಂದಿದ್ದಕ್ಕೇ ಗಾಬರಿ. ಎಲ್ಲಾ ಹೇಳಿದೆ, ಇಷ್ಟು ದಿನ ಸುಳ್ಳು ಹೇಳ್ತಿದ್ದದ್ದೂ ಸೇರಿಸಿ. ಅದಕ್ಕೆ ಏನೂ ಅನ್ಲಿಲ್ಲ.

"ಕ್ಯಾಪ್ ಮುಟ್ಟಿದ್ಯಾ?" ಅಂದ್ರು.

"ತೆಗೆಯೋಕೆ ಹೋಗಿದ್ದೆ ಅಪ್ಪಾ. ನಿಮ್ಮ ಕೈ ನೆನಪಾಯ್ತು, ಬಿಟ್ಟೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬೀದೀಲಿ ಸೊಪ್ಪಿನವಳು ಕೂಗೋದು ಮಾತ್ರ ಕೇಳಿಸ್ತಿತ್ತು. ಆಮೇಲೆ ಅಪ್ಪ, ಇಪ್ಪತ್ತೆಂಟು ವರ್ಷದಲ್ಲಿ ಮೊದಲನೇ ಸಲ, ಆ ಕಥೆ ಹೇಳಿದ್ರು.

"ಮಂಗಳೂರು ದಕ್ಕೆಯಿಂದ ಹಾಸನಕ್ಕೆ ಮೀನು ಹೊಡೀತಿದ್ದೆ ಕಣೋ ಆಗ. ಆ ಗಾಡಿಗೆ ಸೇರಿ ಮೂರು ತಿಂಗಳೂ ಆಗಿರ್ಲಿಲ್ಲ. ಗುಂಡ್ಯ ಬಿಟ್ಟು ಅರ್ಧ ಘಾಟಿ ಹತ್ತಿದ್ದೀವಿ, ಕುದ್ದು ನಿಂತ್ಕೊಳ್ತು. ಹಿಂದೆ ಐಸ್ ಕರಗಿ ತೊಟ ತೊಟ ಅಂತಿದೆ. ಬೆಳಕು ಹರಿಯೋದ್ರೊಳಗೆ ಮಾರ್ಕೆಟ್ ಸೇರ್ದಿದ್ರೆ ಓನರ್ ಬೇರೆ ಡ್ರೈವರನ್ನ ಕೂರಿಸೋನು. ನೀನು ಹೊಟ್ಟೇಲಿದ್ದೆ, ನಿಮ್ಮಮ್ಮಂಗೆ ಆರೋ ಏಳೋ ತಿಂಗಳು. ಕ್ಲೀನರ್ ಹುಡುಗ 'ಅಣ್ಣಾ, ಅರ್ಧ ಗಂಟೆ ಬಿಡಣ' ಅಂದ."

"ನಿಮಗೆ ಗೊತ್ತಿರ್ಲಿಲ್ವಾ, ಹಾರುತ್ತೆ ಅಂತ?"

"ಗೊತ್ತಿತ್ತು. ಗೊತ್ತಿದ್ದೇ ತೆಗ್ದೆ."

ನಾನಂದ್ಕೊಂಡಿದ್ದೆ, ಅದು ಆಕಸ್ಮಿಕ ಅಂತ. ಗೊತ್ತಿಲ್ಲದೆ ಆಗಿದ್ದು ಅಂತ. ಏನು ಹೇಳ್ಬೇಕು ತೋಚದೆ, "ಮೀನು ಟೈಮಿಗೆ ತಲುಪ್ತಾ?" ಅಂತ ಕೇಳಿದೆ.

"ತಲುಪ್ತು. ಕೈಗೆ ಒದ್ದೆ ಬಟ್ಟೆ ಸುತ್ಕೊಂಡು ನಾನು ಪಕ್ಕದಲ್ಲಿ ಕೂತೆ, ಕ್ಲೀನರ್ ಓಡಿಸ್ದ. ಲೈಸೆನ್ಸ್ ಇರ್ಲಿಲ್ಲ ಬಡ್ಡೀಮಗನಿಗೆ." ಅಪ್ಪ ನಕ್ಕರು. ಆಮೇಲೆ ದನಿ ಬದಲಾಯ್ತು, ಮತ್ತೆ ಡ್ರೈವರ್ ಆದ್ರು. "ಅಲ್ವೋ, ಹೀಟರಲ್ಲಿ ತಣ್ಣಗೆ ಗಾಳಿ ಬಂತು ಅಂದ್ಯಲ್ಲಾ, ಅಲ್ಲಿಗೇ ನೀರು ಖಾಲಿ ಅಂತ. ಬಿಸಿ ಆಗೋಕೆ ಒಳಗೆ ನೀರಿರ್ಬೇಕಲ್ವಾ? ಅಷ್ಟೂ ತಿಳೀಲಿಲ್ವಾ ಇಂಜಿನಿಯರ್ ಸಾಹೇಬ್ರಿಗೆ?"

"ನಿಮ್ಮ ಲಾರೀಲಿ ಹೀಟರ್ ಇತ್ತಾ?"

"ಎಲ್ಲಿಂದ ಬರ್ಬೇಕು? ಬಾನೆಟ್ಟೇ ಹೀಟರ್. ಸರಿ, ಅಮ್ಮಂಗೆ ಕೊಡ್ತೀನಿ ತಡಿ. ಅವಳಿಗೆ ಇದೆಲ್ಲಾ ಹೇಳೋಕೆ ಹೋಗ್ಬೇಡ."

ಅಮ್ಮ ಫೋನ್ ಇಸ್ಕೊಂಡು, "ಏನೋ ಅದು, ಅಪ್ಪ ಮಗ ಇಷ್ಟೊತ್ತು?" ಅಂದ್ರು.

"ಏನಿಲ್ಲಮ್ಮಾ. ಇಲ್ಲಿ ಭಾಳ ಸೆಕೆ ಅಂತ ಹೇಳ್ತಿದ್ದೆ" ಅಂದೆ.