ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ

ಹುಬ್ಬಳ್ಳಿಯಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರು ರೈಲಿನಲ್ಲಿ ಸಾಗಿದರೆ ಗದಗು ದೊರೆಯುವುದು. ದಾರಿಯ ಇಕ್ಕೆಲದಲ್ಲಿಯೂ ಕಪ್ಪನೆಯ ಎರೆಭೂಮಿ. ಊರಿನ ತ್ರಿಕೂಟೇಶ್ವರನ ಗುಡಿಯೂ ಅದರ ಬಳಿಯ ಸರಸ್ವತಿಯ ಗುಡಿಯೂ ಕಂಬಗಳ ಕೆತ್ತನೆಗೆ ಹೆಸರಾದವು. ಶಿಲ್ಪಾಸಕ್ತರು ಮೊದಲು ಅಲ್ಲಿಗೆ ತೆರಳುವರು. ನಾವಾದರೋ ಒಂದು ಗ್ರಂಥದ ಸಲುವಾಗಿ ಬಂದವರಾದುದರಿಂದ, ತಾಯಿಯವರ ಕೈಹಿಡಿದು ನೇರವಾಗಿ ವೀರನಾರಾಯಣನ ಗುಡಿಗೆ ನಡೆದೆವು.

ನಮ್ಮ ಮನೆಯಲ್ಲಿ ಗದುಗಿನ ಭಾರತದ ವಾಚನವನ್ನು ಆರಂಭಿಸಿದವರು ತಂದೆಯವರು. ರಾತ್ರಿಯ ಊಟವಾದ ಮೇಲೆ ಅವರು ರಾಗವಾಗಿ ಓದುವರು, ತಾಯಿಯವರು ಕೇಳುವರು. ದ್ರೋಣಪರ್ವವು ನಡೆಯುತ್ತಿದ್ದಾಗ ತಂದೆಯವರು ತೀರಿಕೊಂಡರು. ವರ್ಷಾಂತಿಕವು ಕಳೆದ ಬಳಿಕ ಗುರುತಿನ ದಾರವಿದ್ದ ಪುಟದಿಂದಲೇ ನಾವು ಮುಂದುವರಿಸಲೆಳಸಿದೆವು. 8,000ಕ್ಕೂ ಮೇಲ್ಪಟ್ಟ ಪದ್ಯಗಳ ಕಾವ್ಯವದು. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆಯು ಬಾಯಿಗೆ ಬೇಗನೆ ಹತ್ತುವುದು. ಅರ್ಥವು ಹಾಗೆ ಹತ್ತುವುದಿಲ್ಲ. ಹಳೆಯ ಶಬ್ದಗಳು, ಕಾಳಗದ ಮೇಲೆ ಕಾಳಗ, ರೂಪಕದ ಮೇಲೆ ರೂಪಕ! ಒಂದೊಂದು ಪದ್ಯಕ್ಕೂ ನಿಘಂಟನ್ನು ತೆರೆಯುತ್ತ ಕುಳಿತರೆ ಕೇಳುವವರಿಗೆ ಕಥೆಯ ಎಳೆ ಸಿಕ್ಕುವುದೆಂತು? ಒಂದು ತಿಂಗಳಲ್ಲಿ ವಾಚನವು ನಿಂತಿತು. ತಾಯಿಯವರು ಏನನ್ನೂ ಅನ್ನಲಿಲ್ಲ; ಆದರೆ ಹಬ್ಬದ ದಿನ ಪುಸ್ತಕಕ್ಕೆ ಹೂವೇರಿಸುವಾಗ ಆ ದಾರವನ್ನು ಒಮ್ಮೆ ಮುಟ್ಟಿ ನೋಡುವರು. ಯಜಮಾನರು ಹಿಡಿದುದು ಅರ್ಧಕ್ಕೆ ಉಳಿಯಿತೆಂಬ ಕೊರಗು ಅವರದು.

ಗುಡಿಯ ಗೋಪುರವು ವಿಜಯನಗರದ ಶೈಲಿಯದು. ಒಳಗಿನ ಭಾಗಗಳಲ್ಲಿ ಚಾಲುಕ್ಯ, ಹೊಯ್ಸಳ ಶೈಲಿಗಳು ಕಾಣುವುವು. ಮಂಟಪದಲ್ಲಿ ಕುಮಾರವ್ಯಾಸನ ಕಂಬವೆಂದು ಒಂದನ್ನು ತೋರಿಸುವರು. ಕವಿಯು ಮಿಂದು ಒದ್ದೆ ವಸ್ತ್ರದಲ್ಲಿಯೇ ಆ ಕಂಬದ ಬಳಿ ಕುಳಿತು ಬರೆಯುತ್ತಿದ್ದನಂತೆ. ವಸ್ತ್ರವು ಆರಿದೊಡನೆ ಅಂದಿನ ಕವಿತೆಯೂ ನಿಲ್ಲುತ್ತಿತ್ತಂತೆ. ಐತಿಹ್ಯವನ್ನು ಒರೆಗೆ ಹಚ್ಚುವ ಗೋಜು ನಮಗೆ ಬೇಡ. ಎರೆನಾಡಿನ ಬಿಸಿಲಿನಲ್ಲಿ ಒದ್ದೆ ಬಟ್ಟೆ ಎಷ್ಟು ಹೊತ್ತು ಇದ್ದೀತು? ಅಂಥ ಮಹಾಕವಿಗೂ ದಿನಕ್ಕೆ ಅಷ್ಟೇ ಅಳತೆ!

ಅವನಾದರೂ ಹದಿನೆಂಟು ಪರ್ವಗಳನ್ನು ಮುಗಿಸಿದನೆ? ಇಲ್ಲ. ಹತ್ತನೆಯದಾದ ಗದಾಪರ್ವಕ್ಕೆ ಕಾವ್ಯವು ನಿಂತಿದೆ. ಉಳಿದ ಕಥೆಯನ್ನು 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಬರೆದು ಪೂರೈಸಿದನು. ಆದರೂ ಮನೆಮನೆಯಲ್ಲಿ ನೆಲೆಸಿದುದು ಆ ಹತ್ತು ಪರ್ವಗಳೇ. ಪಾಪ, ತಿಮ್ಮಣ್ಣನನ್ನು ಕೇಳುವವರು ಕಡಮೆ!

ಮಂಟಪದಲ್ಲಿ ಕುಳಿತಿದ್ದ ವೃದ್ಧರೊಬ್ಬರು ತಾಯಿಯವರ ಕೈಯಲ್ಲಿದ್ದ ಪುಸ್ತಕವನ್ನು ಕಂಡು, "ಎಲ್ಲಿತನಕ ಬಂದೀರಿ, ತಾಯಿ?" ಎಂದು ಕೇಳಿದರು. ತಾಯಿಯವರು ಇದ್ದುದನ್ನು ಇದ್ದಂತೆ ಹೇಳಿದರು.

"ಅದಕ್ಯಾಕ ಇಷ್ಟು ಚಿಂತಿ? ನಮ್ಮ ಊರಾಗ ಪೂರಾ ಓದಿದವರು ಯಾರಿದ್ರು? ಮಳಿ ಹೋತು ಅಂದ್ರ ವಿರಾಟಪರ್ವ ಹಚ್ಚತಿದ್ರು. ಮಳಿ ಬಂತು ಅಂದ್ರ ಪುಸ್ತಕ ಕಟ್ಟಿಟ್ಟು ಹೊಲಕ್ಕ ಹೋಗತಿದ್ರು. ಮತ್ತ ಬರೂ ವರ್ಷ ತಗೀತಿದ್ರು."

ತಾಯಿಯವರು ಬಹಳ ದಿನಗಳ ಮೇಲೆ ನಕ್ಕರು. ಮಳೆಗಾಗಿ ವಿರಾಟಪರ್ವವನ್ನು ಓದಿಸುವ ಪದ್ಧತಿಯನ್ನು ಅವರೂ ತವರೂರಿನಲ್ಲಿ ಕಂಡವರು. ಅದನ್ನು ತಮ್ಮ ಮನೆಯ ಪುಸ್ತಕಕ್ಕೆ ಹೊಂದಿಸಿ ನೋಡಿರಲಿಲ್ಲವಷ್ಟೆ.

ಮಂಗಳಾರತಿಯಾದ ಮೇಲೆ ಅವರು ಪುಸ್ತಕವನ್ನು ನಮ್ಮ ಕೈಗಿತ್ತರು. ದ್ರೋಣಪರ್ವದ ದಾರವನ್ನು ಕದಲಿಸಕೂಡದೆಂದು ಕಟ್ಟಪ್ಪಣೆಯಾಯಿತು. ಸೆರಗಿನ ಅಂಚಿನಿಂದ ಬೇರೊಂದು ಎಳೆಯನ್ನು ಕಿತ್ತುಕೊಟ್ಟು, ಉತ್ತರಕುಮಾರನು ಅಂತಃಪುರದಲ್ಲಿ ಜಂಬ ಕೊಚ್ಚುವ ಕಡೆ ಇಡುವಂತೆ ಹೇಳಿದರು. ರೈಲಿಗೆ ಇನ್ನೂ ಎರಡು ಗಂಟೆ ಹೊತ್ತಿತ್ತು. ಕಂಬದ ನೆರಳಿನಲ್ಲಿ ಕುಳಿತು ಹನ್ನೆರಡು ಪದ್ಯ ಓದಿದೆವು; ಅರ್ಥವಾಗದ ಎರಡನ್ನು ಆ ವೃದ್ಧರೇ ಬಿಡಿಸಿ ಹೇಳಿದರು.