ಎರಡು ಅಂಕಗಳ ಋಣ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯೋಣವೆಂದುಕೊಂಡಿದ್ದೆ. ಆದರೆ ಕಳೆದ ವರ್ಷ ನಾನು ಕಂಡ ಹೊಸ ಪರೀಕ್ಷೆಯೊಂದು ಮನಸ್ಸಿನ ಮೂಲೆಯಲ್ಲಿದ್ದ ಸಂಗತಿಯೊಂದನ್ನು ಕೆದಕಿತು. ಅದನ್ನೇ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಆಕೆ ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದು, ಅಮೆರಿಕದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಹಂಬಲದಿಂದ ಜಿ.ಆರ್.ಇ. ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. "ಸಾರ್, ಇವಳಿಗೆ ರೇಖಾಗಣಿತವನ್ನು ನೀವೇ ಒಮ್ಮೆ ಹೇಳಿಕೊಡಬೇಕು" ಎಂದ. ನಾನೋ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಶಿಕ್ಷಕ ತರಬೇತಿ ಪಡೆದವನು. ಅವಳ ಇಂಗ್ಲಿಷ್ ಪುಸ್ತಕವನ್ನು ಕಂಡು ಅಳುಕಿದೆ. ಆದರೂ ತ್ರಿಕೋನ ಯಾವ ಭಾಷೆಯಲ್ಲಿದ್ದರೇನು, ಅದರ ಕೋನಗಳ ಮೊತ್ತ 180 ಡಿಗ್ರಿಯೇ ಅಲ್ಲವೆ ಎಂದು ಧೈರ್ಯ ತಂದುಕೊಂಡು, ಮೊದಲು ಪರೀಕ್ಷೆಯ ಸ್ವರೂಪವನ್ನು ಹೇಳಮ್ಮಾ ಎಂದೆ.

2023ರ ಸೆಪ್ಟೆಂಬರಿನಿಂದ ಈ ಪರೀಕ್ಷೆಯ ಅವಧಿ 1 ಗಂಟೆ 58 ನಿಮಿಷಗಳಿಗೆ ಇಳಿದಿದೆಯಂತೆ. ಮೊದಲು 30 ನಿಮಿಷಗಳಲ್ಲಿ ಒಂದು ಪ್ರಬಂಧ; ಅದಕ್ಕೆ 0ಯಿಂದ 6ರವರೆಗೆ, ಅರ್ಧರ್ಧ ಅಂಕದ ಏರಿಕೆಯಲ್ಲಿ ಮೌಲ್ಯ. ಅನಂತರ ಭಾಷೆಗೆ 27, ಗಣಿತಕ್ಕೆ 27 ಪ್ರಶ್ನೆಗಳು. ಪ್ರತಿಯೊಂದಕ್ಕೂ 12 ಮತ್ತು 15 ಪ್ರಶ್ನೆಗಳ ಎರಡೆರಡು ಭಾಗಗಳು. ಮೊದಲ ಭಾಗವನ್ನು ಬಿಡಿಸಿದ ರೀತಿಯನ್ನು ನೋಡಿ ಗಣಕಯಂತ್ರವೇ ಎರಡನೆಯ ಭಾಗವನ್ನು ಸುಲಭವಾಗಿಯೋ ಕಠಿಣವಾಗಿಯೋ ಕೊಡುತ್ತದೆ. ಭಾಷೆಗೂ ಗಣಿತಕ್ಕೂ ಪ್ರತ್ಯೇಕವಾಗಿ 130ರಿಂದ 170ರವರೆಗೆ ಅಂಕಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

"ಉತ್ತರವೆಲ್ಲ ತಪ್ಪಾದರೆ?" ಎಂದು ಕೇಳಿದೆ. "ಆಗಲೂ 130, ತಾತ" ಎಂದಳು. "ಪಾಸಾಗಲು ಎಷ್ಟು ಬೇಕು?" ಎಂದೆ. ಹುಡುಗಿ ನಕ್ಕಳು. ಈ ಪರೀಕ್ಷೆಯಲ್ಲಿ ಪಾಸು ಫೇಲು ಎಂಬುದೇ ಇಲ್ಲವಂತೆ. ಎಷ್ಟು ಅಂಕ ಸಾಕೆಂಬುದನ್ನು ಆಯಾ ವಿಶ್ವವಿದ್ಯಾನಿಲಯ ನಿರ್ಧರಿಸುತ್ತದೆ. ಫಲಿತಾಂಶ ತೃಪ್ತಿಕರವಾಗಿರದಿದ್ದರೆ 21 ದಿನಗಳ ಬಳಿಕ ಪುನಃ ಬರೆಯಬಹುದು. 12 ತಿಂಗಳಲ್ಲಿ ಐದು ಬಾರಿ! ಶುಲ್ಕ ಮಾತ್ರ ನಮ್ಮಂಥವರಿಗೆ ಹಗುರವಲ್ಲ.

ಪಕ್ಕದಲ್ಲಿ ಕುಳಿತಿದ್ದ ಅವಳ ತಂದೆಯ ಮುಖವನ್ನು ನೋಡಲಾರದೆ ಹೋದೆ. ಸುಮಾರು ನಲವತ್ತು ವರ್ಷಗಳ ಹಿಂದೆ ಎಂಟನೆಯ ತರಗತಿಯ ಗಣಿತದಲ್ಲಿ ಅವನಿಗೆ 33 ಅಂಕಗಳು ಬಂದಿದ್ದವು. ತೇರ್ಗಡೆಗೆ 35 ಬೇಕು. ಮಗ್ಗದ ಮನೆಯ ಹುಡುಗ, ಎರಡು ಅಂಕ ಸೇರಿಸಿ ಎಂದು ಸಹೋದ್ಯೋಗಿಯೊಬ್ಬರು ಕೇಳಿಕೊಂಡರು. ನಿಯಮ ನಿಯಮವೇ ಎಂದು ನಾನು ಜಗ್ಗಲಿಲ್ಲ. ಮರುವರ್ಷ ಹುಡುಗ ಶಾಲೆಗೆ ಬರಲಿಲ್ಲ. ತಿರುಪ್ಪೂರಿಗೆ ಹೋದನೆಂದು ಕೇಳಿದೆ. ನನ್ನ ಶಿಸ್ತಿನ ಬಗ್ಗೆ ಆಗ ನನಗೆ ಹೆಮ್ಮೆಯೂ ಇತ್ತು.

ಅಂದು ಸಂಜೆ ಅವರನ್ನು ಬೀಳ್ಕೊಡುವಾಗ ಮೆಲ್ಲನೆ ಆ ವಿಷಯವನ್ನೆತ್ತಿದೆ. "ನೆನಪಿದೆ ಸಾರ್, ಎರಡು ಅಂಕ" ಎಂದನೇ ಹೊರತು ಮತ್ತೇನೂ ಹೇಳಲಿಲ್ಲ. ಮುಂದಿನ ಎರಡು ತಿಂಗಳು ಪ್ರತಿ ಭಾನುವಾರ ಮಗಳನ್ನು ತಪ್ಪದೆ ಕರೆತಂದ.

ಆಕೆಗೆ ಗಣಿತದಲ್ಲಿ 163 ಬಂದಿತು. ಅದರಿಂದ ನನ್ನ ಋಣ ತೀರಿತೆಂದು ನಾನು ಭಾವಿಸಿಲ್ಲ. ಅಂಕಗಳನ್ನು ಧಾರಾಳವಾಗಿ ಹಂಚಬೇಕೆಂಬುದೂ ನನ್ನ ಅಭಿಪ್ರಾಯವಲ್ಲ. 33 ಎಂಬುದು 33ೇ. ಆದರೆ ಆ ಬೇಸಿಗೆ ರಜೆಯಲ್ಲಿ ಹುಡುಗನನ್ನು ಕೂಡಿಸಿ ಪಾಠ ಹೇಳಿ, ಶಾಲೆ ತೆರೆದಾಗ ಇನ್ನೊಮ್ಮೆ ಪ್ರಶ್ನೆಪತ್ರಿಕೆ ಕೊಡಲು ನನ್ನನ್ನು ತಡೆದವರು ಯಾರು? ಕೆಂಪು ಶಾಯಿಯ ಲೇಖನಿ ಹಿಡಿದಿರುವ ಇಂದಿನ ಶಿಕ್ಷಕ ಬಂಧುಗಳು ಅಂಕವನ್ನು ಬರೆದ ಮೇಲೆ, ಈ ಮಗುವಿಗೆ ಇನ್ನೊಂದು ಅವಕಾಶ ಎಲ್ಲಿದೆ ಎಂದು ಒಮ್ಮೆ ಯೋಚಿಸಲಿ ಎಂದು ಬಿನ್ನವಿಸಿ, ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.